ಸರ್ಕಸ್ ಡೇರೆಯಿಂದ ಕಂಬಳಗದ್ದೆಗೆ

ಭಾರತದಲ್ಲಿ ಸರ್ಕಸ್ ಕಂಪನಿಗಳ ಕಥೆ ಶುರುವಾಗುವುದು 1880ರಲ್ಲಿ, ವಿಷ್ಣುಪಂತ ಛತ್ರೆ ಕಟ್ಟಿದ ತಂಡದಿಂದ. ಡೇರೆಯೊಳಗಿನ ಹುಲಿ, ಸಿಂಹ, ಕರಡಿಗಳ ಗೋಳಿಗೆ ಕಾನೂನು ಕಿವಿಗೊಡಲು ಮಾತ್ರ ಎಂಬತ್ತು ವರ್ಷ ಬೇಕಾಯಿತು. ರಾಜ್ಯಸಭೆಯಲ್ಲಿ ರುಕ್ಮಿಣಿದೇವಿ ಅರುಂಡೇಲ್ ಹಿಡಿದ ಹಟದಿಂದ 1960ರಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಅದರ 22ನೇ ಕಲಮಿನ ಪ್ರಕಾರ, ಕೇಂದ್ರ ಸರ್ಕಾರ ಹೆಸರಿಸಿದ ಪ್ರಾಣಿಗಳನ್ನು ಪ್ರದರ್ಶನಕ್ಕೆ ಪಳಗಿಸುವಂತಿಲ್ಲ, ಆಡಿಸುವಂತಿಲ್ಲ.

ಹೀಗೆ ಹೆಸರಿಸಿದ 1998ರ ಪಟ್ಟಿಯಲ್ಲಿ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳಿದ್ದವು. ಸರ್ಕಸ್ ಮಾಲೀಕರು ಕೋರ್ಟಿಗೆ ಹೋದರು. 2001ರಲ್ಲಿ ಸುಪ್ರೀಂ ಕೋರ್ಟ್ ಪಟ್ಟಿಯನ್ನು ಎತ್ತಿಹಿಡಿಯಿತು. ಬೋನಿನಲ್ಲೇ ಊರೂರು ಸುತ್ತಿದ್ದ ಹುಲಿ, ಸಿಂಹಗಳಿಗೆ ಬನ್ನೇರುಘಟ್ಟವೂ ಸೇರಿ ಕೆಲವೆಡೆ ಆಶ್ರಯ ಸಿಕ್ಕಿತು.

2011ರಲ್ಲಿ ಅದೇ ಪಟ್ಟಿಗೆ ಎತ್ತು-ಹೋರಿ ಸೇರಿತು. ಅಲ್ಲಿಂದ ಡೇರೆಯ ಕಾನೂನು ಗದ್ದೆಗೂ ಇಳಿಯಿತು. 2014ರಲ್ಲಿ ಸುಪ್ರೀಂ ಕೋರ್ಟ್ ತಮಿಳುನಾಡಿನ ಹೋರಿ ಹಿಡಿಯುವ ಆಟ ಜಲ್ಲಿಕಟ್ಟನ್ನು ನಿಲ್ಲಿಸಿತು. ಪಟ್ಟಿಯಲ್ಲಿ ಕೋಣದ ಹೆಸರಿರಲಿಲ್ಲ. ಆದರೂ 2016ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನಿಂದ ಕರಾವಳಿಯ ಕೆಸರುಗದ್ದೆಯ ಕೋಣಗಳ ಓಟವಾದ ಕಂಬಳಕ್ಕೆ ತಡೆ ಬಂತು. ಕರಾವಳಿ ಕೆರಳಿತು. ಕಂಬಳಕ್ಕೆ ವಿನಾಯಿತಿ ಕೊಡುವ ರಾಜ್ಯದ ತಿದ್ದುಪಡಿಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ಒಪ್ಪಿತು.

ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಕಂಬಳ ಸರ್ಕಸ್ಸಿನಂಥದ್ದಲ್ಲ ಎನ್ನಲು ಕಾರಣಗಳಿವೆ. ವಂಡಾರು, ಯಡ್ತಾಡಿ, ತಗ್ಗರ್ಸೆಯ ಸಾಂಪ್ರದಾಯಿಕ ಕಂಬಳಗಳು ಕೊಯ್ಲು ಮುಗಿದ ಮೇಲೆ ಬರುವ ಊರಹಬ್ಬ. ಹರಕೆ ಹೊತ್ತವರು ತಮ್ಮ ಮನೆಯ ಕೋಣಗಳನ್ನೇ ಗದ್ದೆಗೆ ಇಳಿಸುತ್ತಾರೆ. ಓಟದ ಕೋಣಕ್ಕೆ ಬೇಯಿಸಿದ ಹುರುಳಿ, ಮೈಗೆ ಎಣ್ಣೆಯ ತಿಕ್ಕು, ಕೆರೆಯಲ್ಲಿ ಈಜು. ಕೋಣಕ್ಕೆ ಬೆವರು ಕಮ್ಮಿ. ಕಪ್ಪು ಮೈಯ ಕಾವು ಇಳಿಯಲು ನೀರು, ಕೆಸರು ಬೇಕೇಬೇಕು.

ಆದರೆ ಎಣ್ಣೆ ತಿಕ್ಕಿದ ಆ ಬೆನ್ನಿನ ಮೇಲೆಯೇ ಬಾರುಕೋಲೂ ಬೀಳುತ್ತದೆ. ಬಹುಮಾನದ ಕಂಬಳಗಳಲ್ಲಿ ಸೆಕೆಂಡಿನ ನೂರನೇ ಭಾಗಕ್ಕೂ ಲೆಕ್ಕ ಇರುವುದರಿಂದ ಕೋಲು ಬೀಸುವ ಆಸೆ ಹೆಚ್ಚು. ಮನೆಯಲ್ಲಿ ತೋರಿಸಿದ ಪ್ರೀತಿ ಗದ್ದೆಯ ಬಾಸುಂಡೆಯನ್ನು ಅಳಿಸುವುದಿಲ್ಲ. ತಿದ್ದುಪಡಿ ಓಟಕ್ಕೆ ಒಪ್ಪಿಗೆ ಕೊಟ್ಟಿದೆ. ಅನಗತ್ಯ ನೋವಿಗೆ ಕೊಟ್ಟಿಲ್ಲ.