ವಿಳಾಸ ಬದಲಾದ ಮಗು, ಬಾಗಿಲು ಮುಚ್ಚಿದ ಮೈದಾನ



ಕರ್ನಾಟಕದಲ್ಲಿ ಶಾಲೆ ಕಲಿತವರಿಗೆ ಟಿ.ಸಿ. ಎಂಬ ಕಾಗದ ಅಪರಿಚಿತವಲ್ಲ. ತಂದೆಗೆ ಬ್ಯಾಂಕಿನಲ್ಲೋ ಕಂದಾಯ ಇಲಾಖೆಯಲ್ಲೋ ವರ್ಗವಾದರೆ ಹಾಸನದ ಮಗು ಟಿ.ಸಿ. ಹಿಡಿದು ರಾಯಚೂರಿನ ಶಾಲೆಗೆ ಸೇರುತ್ತಿತ್ತು. ಹೊಸ ಶಾಲೆಯ ಪಿ.ಟಿ. ಮೇಷ್ಟ್ರು ಮಗುವಿನ ಕಾಲಿನ ಕಸುವನ್ನು ನೋಡುತ್ತಿದ್ದರೇ ಹೊರತು, ಹಳೆಯ ಶಾಲೆಯನ್ನು ಏಕೆ ಬಿಟ್ಟೆ ಎಂದು ವಿಚಾರಣೆ ನಡೆಸುತ್ತಿರಲಿಲ್ಲ. ಅಮೆರಿಕದ ಹೈಸ್ಕೂಲಿನಲ್ಲಿ ಆ ವಿಚಾರಣೆ ನಡೆಯುತ್ತದೆ. ತರಗತಿಗೆ ಸೇರಿಸಿಕೊಳ್ಳುವುದಕ್ಕಲ್ಲ, ಮೈದಾನಕ್ಕೆ ಇಳಿಸುವುದಕ್ಕೆ.

ಈ ದೇಶದಲ್ಲಿ ಶಾಲಾ ಕ್ರೀಡೆಯನ್ನು ಆಳುವುದು ಒಕ್ಕೂಟ ಸರ್ಕಾರವಲ್ಲ. ಐವತ್ತು ರಾಜ್ಯಗಳಲ್ಲಿಯೂ ವಾಷಿಂಗ್ಟನ್ ಡಿ.ಸಿ.ಯಲ್ಲಿಯೂ ಒಂದೊಂದು ಕ್ರೀಡಾ ಸಂಘವಿದೆ. ಪ್ರತಿಯೊಂದಕ್ಕೂ ತನ್ನದೇ ನಿಯಮಾವಳಿ. ಟೆಕ್ಸಾಸಿನ ಯೂನಿವರ್ಸಿಟಿ ಇಂಟರ್‌ಸ್ಕೊಲಾಸ್ಟಿಕ್ ಲೀಗ್ 1910ರಲ್ಲಿ ಹುಟ್ಟಿತು, ಕ್ಯಾಲಿಫೋರ್ನಿಯಾದ ಇಂಟರ್‌ಸ್ಕೊಲಾಸ್ಟಿಕ್ ಫೆಡರೇಷನ್ 1914ರಲ್ಲಿ. ಇಂತಹ ಸಂಘಗಳ ನಿಯಮಾವಳಿಗಳಲ್ಲಿ ಹೆಚ್ಚು ಜಗಳ ಹುಟ್ಟಿಸುವುದು ಶಾಲಾ ಬದಲಾವಣೆಯ ನಿಯಮವೇ. ಅದರ ಮೂಲ ಉದ್ದೇಶವನ್ನು ಅಲ್ಲಗಳೆಯಲಾಗದು. ಹಣವಂತ ಶಾಲೆಯೊಂದು ನೆರೆಯ ಶಾಲೆಯ ಒಳ್ಳೆಯ ಆಟಗಾರರನ್ನು ಆಮಿಷವೊಡ್ಡಿ ಎಳೆದುಕೊಳ್ಳಬಾರದು, ಹದಿನೈದು ವರ್ಷದ ಮಗು ತರಬೇತುದಾರರ ಸಂತೆಯಲ್ಲಿ ಸರಕಾಗಬಾರದು ಎಂಬುದು ಆ ಉದ್ದೇಶ. ತೊಡಕು ಇರುವುದು, ಆಮಿಷಕ್ಕೆ ಓಡಿದ ಮಗುವನ್ನೂ ಅನಿವಾರ್ಯವಾಗಿ ಊರು ಬಿಟ್ಟ ಮಗುವನ್ನೂ ಬೇರ್ಪಡಿಸಲು ಸಂಘಗಳು ಹಿಡಿದಿರುವ ಅಳತೆಗೋಲಿನಲ್ಲಿ. ಆ ಅಳತೆಗೋಲಿನ ಹೆಸರು ಮನೆಯ ವಿಳಾಸ.

ಕ್ಯಾಲಿಫೋರ್ನಿಯಾದಲ್ಲಿ ಇಡೀ ಕುಟುಂಬ ಒಂದು ಶಾಲೆಯ ವ್ಯಾಪ್ತಿಯಿಂದ ಇನ್ನೊಂದರ ವ್ಯಾಪ್ತಿಗೆ ನಿಜವಾಗಿ ಮನೆ ಬದಲಿಸಿದ್ದರೆ ವಿದ್ಯಾರ್ಥಿಗೆ ಸಾಮಾನ್ಯವಾಗಿ ಪೂರ್ಣ ಅರ್ಹತೆ ದೊರೆಯುತ್ತದೆ. ಮನೆ ಬದಲಿಸದೆ ಮೊದಲ ಬಾರಿಗೆ ಶಾಲೆ ಬದಲಿಸಿದವರು ಆ ಋತುವಿನ ಹೆಚ್ಚುಕಡಿಮೆ ಅರ್ಧದಷ್ಟು ಕಾಲ ಬೆಂಚಿನ ಮೇಲೆ ಕೂರಬೇಕಾಗುತ್ತದೆ. ಮತ್ತೊಮ್ಮೆ ಬದಲಿಸಿದರೆ, ಹಿಂದಿನ ಹನ್ನೆರಡು ತಿಂಗಳಲ್ಲಿ ಆಡಿದ ಆಟದಲ್ಲಿ ಒಂದು ವರ್ಷ ವಾರ್ಸಿಟಿ ತಂಡದ ಬಾಗಿಲು ಮುಚ್ಚುತ್ತದೆ. ಕೆಳಗಿನ ದರ್ಜೆಯ ತಂಡವೇ ಗತಿ. ಸುಳ್ಳು ಮಾಹಿತಿ ಕೊಟ್ಟವರಿಗೆ 24 ತಿಂಗಳವರೆಗೂ ನಿಷೇಧ ಬೀಳಬಹುದು.

ಟೆಕ್ಸಾಸಿನ ವ್ಯವಸ್ಥೆ ಇನ್ನೂ ಕುತೂಹಲಕರ. ಬೇರೆ ಶಾಲೆಯಲ್ಲಿ ಆಡಿ ಬಂದ ವಿದ್ಯಾರ್ಥಿ ವಾರ್ಸಿಟಿ ಮಟ್ಟದಲ್ಲಿ ಸ್ಪರ್ಧಿಸುವ ಮುನ್ನ ‘ಹಿಂದಿನ ಕ್ರೀಡಾ ಭಾಗವಹಿಸುವಿಕೆ’ಯ ನಮೂನೆಯೊಂದನ್ನು ತುಂಬಿಸಬೇಕು. ಅದರ ಒಂದು ಭಾಗವನ್ನು ತುಂಬುವವರು ಹಳೆಯ ಶಾಲೆಯವರು. ಈ ವಿದ್ಯಾರ್ಥಿ ಕ್ರೀಡೆಯ ಉದ್ದೇಶದಿಂದಲೇ ಶಾಲೆ ಬದಲಿಸುತ್ತಿರುವನೇ ಎಂದು ಅಲ್ಲಿ ಅವರನ್ನು ಕೇಳಲಾಗುತ್ತದೆ. ಹೌದು ಎಂದು ತೀರ್ಮಾನವಾದರೆ ಕನಿಷ್ಠ ಒಂದು ವರ್ಷ ವಾರ್ಸಿಟಿ ಆಟವಿಲ್ಲ. ತೀರ್ಮಾನಿಸುವುದು ಜಿಲ್ಲಾ ಕಾರ್ಯಕಾರಿ ಸಮಿತಿ. ಅದರ ಸದಸ್ಯರು ಆ ಜಿಲ್ಲೆಯಲ್ಲಿ ಪರಸ್ಪರ ಸ್ಪರ್ಧಿಸುವ ಶಾಲೆಗಳ ಆಡಳಿತಾಧಿಕಾರಿಗಳೇ. ಬರುವ ಶುಕ್ರವಾರ ಎದುರಾಳಿಯಾಗಲಿರುವ ಶಾಲೆಯವರು ಇಂದು ನ್ಯಾಯಪೀಠದಲ್ಲಿ ಕುಳಿತಿರುತ್ತಾರೆ. ಅವರಲ್ಲಿ ಪ್ರಾಮಾಣಿಕರು ಬಹಳಷ್ಟು ಮಂದಿ ಇರಬಹುದು. ಆದರೆ ಇಂತಹ ಪೀಠವನ್ನು ಬೇರೆ ಯಾವ ವ್ಯಾಜ್ಯದಲ್ಲಾದರೂ ಯಾರು ಒಪ್ಪಿಯಾರು?

ಒಂದು ಕನ್ನಡ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ತಂದೆ ಎಚ್-1ಬಿ ವೀಸಾದ ಇಂಜಿನಿಯರ್. ಕೆಲಸ ಹೋಯಿತು. 2017ರಿಂದ ಜಾರಿಯಲ್ಲಿರುವ ನಿಯಮದಂತೆ ಹೊಸ ಉದ್ಯೋಗದಾತನನ್ನು ಹುಡುಕಿಕೊಳ್ಳಲು ಅವನಿಗಿರುವ ಅವಧಿ ಹೆಚ್ಚೆಂದರೆ 60 ದಿನ. ಕೆಲಸ ದೊರೆತದ್ದು ಕ್ಯಾಲಿಫೋರ್ನಿಯಾದಲ್ಲಲ್ಲ, ಆಸ್ಟಿನ್‌ನಲ್ಲಿ. ಮಗಳು ಹನ್ನೊಂದನೆಯ ತರಗತಿ, ಕ್ರಾಸ್ ಕಂಟ್ರಿ ಓಟಗಾರ್ತಿ. ತಾಯಿಯ ನೌಕರಿ ಇನ್ನೂ ಹಳೆಯ ಊರಿನಲ್ಲಿದೆ, ಮನೆಯ ಲೀಸ್ ಮುಗಿಯಲು ಐದು ತಿಂಗಳಿದೆ. ತಂದೆ ಮಗಳನ್ನು ಕರೆದುಕೊಂಡು ಮೊದಲು ಹೊರಡುತ್ತಾನೆ, ತಾಯಿ ಹಿಂದೆ ಉಳಿಯುತ್ತಾಳೆ. ವಲಸಿಗರ ಬದುಕಿನಲ್ಲಿ ಇದಕ್ಕಿಂತ ಸಾಮಾನ್ಯವಾದ ಸಂಗತಿ ಇಲ್ಲ. ನಿಯಮಾವಳಿಯ ಕಣ್ಣಿಗೆ ಮಾತ್ರ ಇದು ‘ಅರ್ಧ ಬದಲಾದ ಮನೆ’, ಅನುಮಾನಕ್ಕೆ ಎಡೆ. ನಿಜವಾದ ವಾಸವನ್ನು ಪರೀಕ್ಷಿಸಲು ಟೆಕ್ಸಾಸಿನಲ್ಲಿ ಕೇಳುವ ಪ್ರಶ್ನೆಗಳನ್ನು ಗಮನಿಸಬೇಕು: ಮನೆ ಸ್ವಂತದ್ದೇ, ಬಾಡಿಗೆಯದೇ? ಪೀಠೋಪಕರಣಗಳು ಅಲ್ಲಿವೆಯೇ? ಅಂಚೆ ಅಲ್ಲಿಗೆ ಬರುತ್ತದೆಯೇ? ಹೆತ್ತವರು ಮತದಾರರಾಗಿದ್ದರೆ ಆ ಪ್ರದೇಶದಲ್ಲಿ ನೋಂದಾಯಿಸಿಕೊಂಡಿದ್ದಾರೆಯೇ? ಕೊನೆಯ ಪ್ರಶ್ನೆ ಮತದ ಹಕ್ಕಿಲ್ಲದ ತಂದೆಗೆ ಅನ್ವಯಿಸುವುದಿಲ್ಲ, ನಿಜ. ಆದರೆ ಪೌರನ ಕೈಯಲ್ಲಿರುವ ಒಂದು ಪುರಾವೆ ಅವನ ಕೈಯಲ್ಲಿಲ್ಲ ಎಂಬುದೂ ನಿಜ. ಬಾಡಿಗೆಗೆ ತಂದ ಸೋಫಾವನ್ನು ತೋರಿಸಿ ಅವನು ತನ್ನ ಬದುಕು ಇಲ್ಲಿಯೇ ಇದೆಯೆಂದು ನಂಬಿಸಬೇಕು.

ಇದೇ ಟೆಕ್ಸಾಸಿನಲ್ಲಿ 1981ರಲ್ಲಿ ಬಂದ ತೀರ್ಪೊಂದನ್ನು ವಲಸಿಗರು ನೆನಪಿಡಬೇಕು. ವರ್ಮಾಂಟಿನಿಂದ ಕುಟುಂಬದೊಂದಿಗೆ ಆಸ್ಟಿನ್‌ಗೆ ಬಂದ ಹುಡುಗನೊಬ್ಬ ಬ್ಯಾಸ್ಕೆಟ್‌ಬಾಲ್ ಆಡುವುದಕ್ಕೆ ಆಗಿನ ನಿಯಮ ಅಡ್ಡ ಬಂದಿತು. ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್‌ನಲ್ಲಿ ಬೇರೊಂದು ಶಾಲೆಯನ್ನು ಪ್ರತಿನಿಧಿಸಿದವರು ಏಕೆ ಬಂದರು ಎಂಬ ವಿಚಾರಣೆಯೇ ಇಲ್ಲದೆ ಒಂದು ವರ್ಷ ಹೊರಗುಳಿಯಬೇಕಿತ್ತು. ರಾಜ್ಯದ ಸರ್ವೋಚ್ಚ ನ್ಯಾಯಾಲಯ ಅದನ್ನು ಸಮಾನ ರಕ್ಷಣೆಯ ತತ್ತ್ವಕ್ಕೆ ವಿರುದ್ಧವೆಂದು ತಳ್ಳಿಹಾಕಿತು. ಆಮಿಷವನ್ನು ತಡೆಯುವುದು ಸರಿಯೇ. ಆದರೆ ಬಂದವರೆಲ್ಲರೂ ಆಮಿಷಕ್ಕೆ ಬಂದವರೆಂದು ಭಾವಿಸಿ, ಅಲ್ಲವೆಂದು ತೋರಿಸುವ ಅವಕಾಶವನ್ನೇ ಕೊಡದಿರುವುದು ಸರಿಯಲ್ಲ ಎಂಬುದು ಅದರ ತಿರುಳು. ಎಲ್ಲ ನ್ಯಾಯಾಲಯಗಳೂ ಇಷ್ಟು ಉದಾರವಾಗಿಲ್ಲ. ಶಾಲಾ ಕ್ರೀಡೆ ಸವಲತ್ತೇ ಹೊರತು ಸಂವಿಧಾನದತ್ತ ಹಕ್ಕಲ್ಲ ಎಂದು ಹೇಳಿ ಕೈತೊಳೆದುಕೊಂಡ ತೀರ್ಪುಗಳೇ ಹೆಚ್ಚು.

ಸಂಘಗಳು ತಾವು ಖಾಸಗಿ ಸಂಸ್ಥೆಗಳು, ಸಂವಿಧಾನಕ್ಕೆ ಉತ್ತರಿಸಬೇಕಾಗಿಲ್ಲ ಎಂದು ವಾದಿಸಿದ್ದೂ ಉಂಟು. ಟೆನೆಸಿಯ ಬ್ರೆಂಟ್‌ವುಡ್ ಅಕಾಡೆಮಿ ಎಂಬ ಖಾಸಗಿ ಶಾಲೆಯ ಫುಟ್‌ಬಾಲ್ ತರಬೇತುದಾರರು ತಮ್ಮ ಶಾಲೆಗೆ ಬರಲಿದ್ದ ಎಂಟನೆಯ ತರಗತಿಯ ಹುಡುಗರಿಗೆ ಅಭ್ಯಾಸಕ್ಕೆ ಬನ್ನಿರೆಂದು ಪತ್ರ ಬರೆದರು. ಸಂಘ ದಂಡ ವಿಧಿಸಿತು. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕು ಮತಗಳಿಂದ, ಸಾರ್ವಜನಿಕ ಶಾಲೆಗಳೊಂದಿಗೆ ಇಷ್ಟು ಹೆಣೆದುಕೊಂಡಿರುವ ಸಂಘ ಸರ್ಕಾರದ ಅಂಗದಂತೆಯೇ ವರ್ತಿಸುತ್ತದೆ ಎಂದಿತು. ಅದೇ ವ್ಯಾಜ್ಯ 2007ರಲ್ಲಿ ಮರಳಿ ಬಂದಾಗ, ಆಟಗಾರರನ್ನು ಸೆಳೆಯುವುದರ ಮೇಲಿನ ನಿರ್ಬಂಧ ವಾಕ್ ಸ್ವಾತಂತ್ರ್ಯದ ಉಲ್ಲಂಘನೆಯಲ್ಲವೆಂದೂ ಹೇಳಿತು. ಒಂದು ಪತ್ರಕ್ಕಾಗಿ ಎರಡು ಬಾರಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತುವಷ್ಟು ಹಣ ಯಾವ ಶಾಲೆಯಲ್ಲಿರುತ್ತದೆ ಎಂಬುದನ್ನು ಸಭಿಕರೇ ಊಹಿಸಬಹುದು.

ವಿಳಾಸದ ಪ್ರಶ್ನೆ ಆಟಕ್ಕಷ್ಟೇ ನಿಲ್ಲುವುದಿಲ್ಲ. ಅಮೆರಿಕದ ಸಾರ್ವಜನಿಕ ಶಾಲೆಗಳು ದೊಡ್ಡ ಪ್ರಮಾಣದಲ್ಲಿ ಸ್ಥಳೀಯ ಆಸ್ತಿ ತೆರಿಗೆಯನ್ನು ನೆಚ್ಚಿಕೊಂಡಿವೆ. ಆದ್ದರಿಂದ ದುಬಾರಿ ಮನೆಗಳಿರುವಲ್ಲಿ ಒಳ್ಳೆಯ ಶಾಲೆ, ಒಳ್ಳೆಯ ಶಾಲೆಯಿರುವಲ್ಲಿ ಇನ್ನಷ್ಟು ದುಬಾರಿ ಮನೆ. 2011ರಲ್ಲಿ ಒಹಾಯೋದ ಆಕ್ರನ್‌ನಲ್ಲಿ ಕಪ್ಪು ಜನಾಂಗದ ತಾಯಿಯೊಬ್ಬಳು ತನ್ನ ಹೆಣ್ಣುಮಕ್ಕಳನ್ನು ಅವರ ಅಜ್ಜನ ವಿಳಾಸ ಕೊಟ್ಟು ನೆರೆಯ ಶಾಲಾ ಜಿಲ್ಲೆಗೆ ಸೇರಿಸಿದ್ದಕ್ಕಾಗಿ ಒಂಬತ್ತು ದಿನ ಸೆರೆಮನೆಯಲ್ಲಿದ್ದಳು. ಅನಂತರ ರಾಜ್ಯಪಾಲರು ಆಕೆಯ ಅಪರಾಧದ ದರ್ಜೆಯನ್ನು ತಗ್ಗಿಸಿದರು. ಕನ್ನಡ ಕೂಟಗಳ ಊಟದ ಸಾಲಿನಲ್ಲಿ ‘ಒಳ್ಳೆಯ ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ ಮನೆ ಕೊಂಡೆವು’ ಎಂಬ ಮಾತು ಕೇಳಿಬರುವಾಗ ಈ ತಾಯಿ ಯಾರಿಗೂ ನೆನಪಾಗುವುದಿಲ್ಲ. ಹಣವಿದ್ದವರು ಮನೆ ಕೊಂಡು ಮಾಡುವುದನ್ನೇ ಅವಳು ಹಣವಿಲ್ಲದೆ ಮಾಡಲು ಹೋಗಿದ್ದಳು. ಆಟದ ನಿಯಮವೂ ಹೀಗೆಯೇ: ಕ್ವಾರ್ಟರ್‌ಬ್ಯಾಕ್ ಮಗನಿಗಾಗಿ ಹೊಸ ಬಡಾವಣೆಯಲ್ಲಿ ಮನೆ ಕೊಳ್ಳಬಲ್ಲ ಕುಟುಂಬ ವಿಳಾಸದ ಪರೀಕ್ಷೆಯನ್ನು ಸುಲಭವಾಗಿ ದಾಟುತ್ತದೆ, ಬಾಡಿಗೆ ಕಟ್ಟಲಾಗದೆ ಮಗನನ್ನು ಅಜ್ಜಿಯ ಮನೆಗೆ ಕಳಿಸಿದ ಕುಟುಂಬ ಸಮಿತಿಯ ಮುಂದೆ ನಿಲ್ಲುತ್ತದೆ. ನೆಲೆ ಕಳೆದುಕೊಂಡ ಮಕ್ಕಳಿಗೆ ಒಂದು ಆಸರೆಯುಂಟು. 1987ರ ಮೆಕಿನ್ನಿ-ವೆಂಟೊ ಕಾಯಿದೆಯ ಪ್ರಕಾರ, ಬಡತನದಿಂದ ಮನೆ ಕಳೆದುಕೊಂಡು ಬೇರೆಯವರ ಮನೆಯಲ್ಲಿ ಸೇರಿಕೊಂಡವರೂ ನಿರ್ವಸಿತರೇ. ಶಾಲಾ ದಾಖಲಾತಿಯೆಂದರೆ ಪಾಠ ಕೇಳುವುದಷ್ಟೇ ಅಲ್ಲ, ಶಾಲೆಯ ಚಟುವಟಿಕೆಗಳಲ್ಲಿ ಪೂರ್ಣವಾಗಿ ಪಾಲ್ಗೊಳ್ಳುವುದೂ ಹೌದು. ಇದನ್ನು ಅರಿತ ಹೆತ್ತವರು ವಿರಳ.

ಹಾಗಾದರೆ ನಿಯಮವನ್ನೇ ಕಿತ್ತುಹಾಕಬೇಕೇ? ಕೆಲವು ರಾಜ್ಯಗಳು ಆ ದಾರಿ ಹಿಡಿದಿವೆ. ಫ್ಲೋರಿಡಾ 2016ರ ಕಾಯಿದೆಯಿಂದ ಸ್ಥಳಾವಕಾಶವಿರುವ ಯಾವ ಸಾರ್ವಜನಿಕ ಶಾಲೆಗಾದರೂ ಸೇರಿ ಕೂಡಲೇ ಆಡಲು ಅವಕಾಶ ಕೊಟ್ಟಿತು. ಪಶ್ಚಿಮ ವರ್ಜೀನಿಯಾ 2023ರಲ್ಲಿ ಒಮ್ಮೆ ದಂಡವಿಲ್ಲದೆ ಶಾಲೆ ಬದಲಿಸುವ ಅವಕಾಶ ತಂದಿತು. ಆ ವರ್ಷವೇ ಏಕಪಕ್ಷೀಯ ಫುಟ್‌ಬಾಲ್ ಪಂದ್ಯಗಳ ಬಗ್ಗೆ ದೂರುಗಳು ಎದ್ದವು. ‘ಆಯ್ಕೆಯ ಸ್ವಾತಂತ್ರ್ಯ’ ಎಂಬ ಈ ಘೋಷಣೆಯ ಬೆನ್ನಿಗಿರುವುದು ಬಹುಮಟ್ಟಿಗೆ ಸಾರ್ವಜನಿಕ ಶಾಲೆಯನ್ನು ಮಾರುಕಟ್ಟೆಯಾಗಿಸುವ ರಾಜಕಾರಣ. ಆಯ್ಕೆ ಮಾಡಲು ಕಾರು ಬೇಕು, ಮಧ್ಯಾಹ್ನ ಮೂರಕ್ಕೆ ಬಿಡುವಿರುವ ಹೆತ್ತವರು ಬೇಕು. ಸಣ್ಣ ಗಣಿ ಊರಿನ ಶಾಲೆ ತನ್ನ ಮೂವರು ಒಳ್ಳೆಯ ಆಟಗಾರರನ್ನು ಕಳೆದುಕೊಂಡರೆ ಉಳಿದ ಹುಡುಗರಿಗೆ ತಂಡವೇ ಉಳಿಯದಿರಬಹುದು. ಬೇಕಾಗಿರುವುದು ಬಾಗಿಲನ್ನು ಕಿತ್ತೆಸೆಯುವುದಲ್ಲ. ಬಾಗಿಲ ಬಳಿ ಎದುರಾಳಿಗಳಲ್ಲದ ನ್ಯಾಯಾಧೀಶರನ್ನು ಕೂರಿಸುವುದು, ವಿಳಾಸದ ಬದಲು ಕಾರಣವನ್ನು ಕೇಳುವುದು, ತಪ್ಪು ಆಮಿಷ ಒಡ್ಡಿದವರದ್ದಾದಾಗ ದಂಡವನ್ನು ಮಗುವಿಗಲ್ಲದೆ ತರಬೇತುದಾರನಿಗೆ ವಿಧಿಸುವುದು.

ಭಾರತದಿಂದ ನೇರವಾಗಿ ಬರುವ ಮಕ್ಕಳಿಗೆ ಇನ್ನೊಂದು ಗಡಿಯಾರವಿದೆ. ಬಹುತೇಕ ಸಂಘಗಳಲ್ಲಿ ಒಂಬತ್ತನೆಯ ತರಗತಿಗೆ ಮೊದಲು ಕಾಲಿಟ್ಟ ದಿನದಿಂದ ಎಂಟು ಸೆಮಿಸ್ಟರ್‌ಗಳ ಲೆಕ್ಕ ಆರಂಭವಾಗುತ್ತದೆ. ಮೈಸೂರಿನಲ್ಲಿ ಒಂಬತ್ತನೆಯ ತರಗತಿ ಮುಗಿಸಿದ ಹುಡುಗನನ್ನು ಇಂಗ್ಲಿಷಿನ ನೆಪದಿಂದ ಇಲ್ಲಿ ಮತ್ತೆ ಒಂಬತ್ತಕ್ಕೇ ಕೂರಿಸಿದರೆ, ಕೊನೆಯ ವರ್ಷ ಅವನು ತರಗತಿಯಲ್ಲಿರುತ್ತಾನೆ, ತಂಡದಲ್ಲಿರದೆ ಹೋಗಬಹುದು. ಹತ್ತೊಂಬತ್ತರ ವಯೋಮಿತಿಯೂ ಹಿಂದೆಯೇ ನಿಂತಿರುತ್ತದೆ. ತರಗತಿ ನಿಗದಿಯಾಗುವ ದಿನವೇ ಶಾಲೆಯ ಅಥ್ಲೆಟಿಕ್ ಡೈರೆಕ್ಟರ್ ಅವರನ್ನು ಕಂಡು ಇದನ್ನು ಬರವಣಿಗೆಯಲ್ಲಿ ಕೇಳಬೇಕು. ಲೀಸಿಗೆ ಸಹಿ ಹಾಕುವ ಮುನ್ನ ಕೇಳಿದರೆ ಇನ್ನೂ ಮೇಲು. ಕಷ್ಟದ ಕಾರಣಕ್ಕೆ ವಿನಾಯಿತಿ ಕೋರುವ ಅರ್ಜಿಗೆ ಕೆಲಸ ಹೋದ ಪತ್ರ, ಹೊಸ ನೇಮಕದ ಪತ್ರ, ಎರಡೂ ಮನೆಗಳ ಕರಾರು, ವಿದ್ಯುತ್ ಬಿಲ್ಲು ಎಲ್ಲವನ್ನೂ ಲಗತ್ತಿಸಬೇಕು. ಮೇಲ್ಮನವಿಗೆ ಅವಕಾಶವಿದೆ, ಆದರೆ ಅದಕ್ಕೆ ವಾರಗಳು ಹಿಡಿಯುತ್ತವೆ. ಕ್ರಾಸ್ ಕಂಟ್ರಿಯ ಋತು ಆಗಸ್ಟಿನಲ್ಲಿ ತೊಡಗಿ ನವೆಂಬರಿನಲ್ಲಿ ಮುಗಿದುಹೋಗುತ್ತದೆ.