ಕೃಷ್ಣೆಯ ಮಳಲಿನ ರೀವ ಪಕ್ಷಿ



ಕೃಷ್ಣಾ ತುಂಗಭದ್ರೆಗಳ ನಡುವಣ ಸೀಮೆಯನ್ನು ನಮ್ಮ ಶಾಸನಗಳು ಎಡೆದೊರೆ ನಾಡೆಂದು ಕರೆದಿವೆ. ಎರಡು ಹೊಳೆಗಳ ನಾಡಿನಲ್ಲಿ ನೀರಹಕ್ಕಿಗಳಿಗೆ ಕೊರತೆಯೇನು ಎಂದು ತಾವು ಕೇಳಬಹುದು. ಬೆಳ್ಳಕ್ಕಿಗೂ ನೀರುಕಾಗೆಗೂ ಕೊರತೆಯಿಲ್ಲ, ನಿಜ. ಆದರೆ ಹೊಳೆಯಲ್ಲಿ ನೀರಿದ್ದರೆ ಮಾತ್ರ ಸಾಲದು, ನೀರಿನ ನಡುವೆ ಒಣ ಮಳಲೂ ಇರಬೇಕೆನ್ನುವ ಹಕ್ಕಿಯೊಂದುಂಟು. ಕನ್ನಡದ ಪಕ್ಷಿಗ್ರಂಥಗಳು ಅದನ್ನು ರೀವವೆನ್ನುತ್ತವೆ. ಅದರ ಬಳಗದಲ್ಲಿ ಕರಿಹೊಟ್ಟೆಯ ರೀವವು ಈಗ ಬಲು ವಿರಳ. ಅದನ್ನು ಅರಸಿ ನಾವು ಕೆಲವರು ಒಂದು ಮಾರ್ಚ್ ತಿಂಗಳಿನಲ್ಲಿ ದೇವದುರ್ಗ ತಾಲ್ಲೂಕಿನ ಕೃಷ್ಣಾತೀರಕ್ಕೆ ಹೋಗಿದ್ದೆವು.

ಈ ಸೀಮೆಯು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಾಗ, 1931-32ರಲ್ಲಿ, ಸಲೀಂ ಅಲಿಯವರು ಆ ಸಂಸ್ಥಾನದ ಪಕ್ಷಿಗಳ ಸಮೀಕ್ಷೆಯನ್ನು ನಡೆಸಿದರು. ಕರಿಹೊಟ್ಟೆಯ ರೀವವು ಆಗ ಭಾರತದ ದೊಡ್ಡ ಹೊಳೆಗಳಲ್ಲಿ ಸಾಮಾನ್ಯವಾದ ಹಕ್ಕಿ. ಇಂದು ಅದು ಲೋಕದಲ್ಲಿ ಅಳಿವಿನ ಅಪಾಯಕ್ಕೆ ಸಿಕ್ಕಿದ ಪಕ್ಷಿಗಳ ಪಟ್ಟಿಯಲ್ಲಿದೆ. ಒಂದು ಮನುಷ್ಯಾಯುಷ್ಯದ ಅವಧಿಯಲ್ಲಿ ಸಾಮಾನ್ಯವಾದುದು ಅಪೂರ್ವವಾಯಿತು.

ಇದನ್ನು ಗುರುತಿಸುವುದು ಕಷ್ಟವಲ್ಲ. ನಮ್ಮ ಹೊಳೆಗಳಲ್ಲಿ ಇನ್ನೂ ಕಾಣಸಿಗುವ ನದಿರೀವವು ದೊಡ್ಡದು. ಅದರ ಕೊಕ್ಕು ಹಳದಿ, ಹೊಟ್ಟೆ ಬೆಳ್ಳಗೆ. ಕರಿಹೊಟ್ಟೆಯದು ಅದಕ್ಕಿಂತ ಚಿಕ್ಕದು, ಕೊಕ್ಕು ಕಿತ್ತಳೆಯ ಬಣ್ಣ, ಮರಿಮಾಡುವ ಕಾಲದಲ್ಲಿ ಹೊಟ್ಟೆ ಕಪ್ಪು. ಎರಡಕ್ಕೂ ಆಗ ತಲೆಯ ಮೇಲೆ ಕರಿಯ ಟೊಪ್ಪಿಗೆ, ಹಿಂದೆ ಕವಲೊಡೆದ ಬಾಲ.

ಬೆಳಗಿನ ಹೊತ್ತಿನಲ್ಲಿ ನಾವು ದಡದಲ್ಲಿ ಕುಳಿತು ದುರ್ಬೀನಿನಿಂದ ನೋಡುತ್ತಿದ್ದಂತೆ ನಾಲ್ಕಾರು ನದಿರೀವಗಳು ನೀರಿನ ಮೇಲೆ ಸುಳಿದಾಡಿ, ಥಟ್ಟನೆ ಎರಗಿ, ಮೀನು ಕಚ್ಚಿ ಏಳುತ್ತಿದ್ದವು. ಕರಿಹೊಟ್ಟೆಯದು ಮಾತ್ರ ಕಾಣಲಿಲ್ಲ. ನಡುಗಡ್ಡೆಯ ಆಚೆ ಇದ್ದೀತೆಂದು ನಮ್ಮಲ್ಲೊಬ್ಬ ತರುಣರು ನೀರಿಗೆ ಇಳಿಯಲು ಸಿದ್ಧರಾದರು. ಹರಿಗೋಲಿನ ಬಳಿ ಬಲೆ ಬಿಡಿಸುತ್ತಿದ್ದ ವೃದ್ಧರು ತಲೆಯೆತ್ತಿ, "ಅಪ್ಪಾ, ಮುಂದ ಹೋಗಬ್ಯಾಡ್ರಿ. ಉಸುಕಿನಾಗ ತತ್ತಿ ಅದಾವ. ನೀರಾಗ ಮೊಸಳಿನೂ ಅದಾವ" ಎಂದರು. ತರುಣರು ನಕ್ಕು ಹಿಂದೆ ಸರಿದರು. ಮೊಸಳೆಯ ಭಯ ನಮ್ಮ ಪಾಲಿಗೆ. ಆದರೆ ಅವರು ಮೊದಲು ನೆನೆದದ್ದು ತತ್ತಿಗಳನ್ನು.

ಆ ಮಾತಿನಲ್ಲಿ ಈ ವಿಷಯದ ತಿರುಳೇ ಅಡಗಿದೆ. ರೀವಗಳು ಗೂಡು ಹೆಣೆಯುವುದಿಲ್ಲ. ಬರಿಯ ಮಳಲಿನಲ್ಲಿ ಸಣ್ಣ ಕುಳಿ ಮಾಡಿ, ಎರಡು ಮೂರು ತತ್ತಿಗಳನ್ನು ಇಡುತ್ತವೆ. ತತ್ತಿಯ ಬಣ್ಣ ಮಳಲಿನದೇ. ಕಾಲಿಟ್ಟ ಮೇಲೆಯೇ ತಿಳಿಯಬೇಕು. ತಾಯಿಹಕ್ಕಿ ಬೆದರಿ ಎದ್ದರೆ ಬೇಸಿಗೆಯ ಬಿಸಿಲಿಗೆ ತತ್ತಿ ಬೆಂದುಹೋಗುತ್ತದೆ, ಇಲ್ಲವೆ ಕಾಗೆ ನಾಯಿಗಳ ಪಾಲಾಗುತ್ತದೆ. ಅಪೂರ್ವವಾದ ಹಕ್ಕಿಯನ್ನು ಹತ್ತಿರದಿಂದ ನೋಡಬೇಕೆಂಬ ಆಸೆಯೇ ಅದನ್ನು ಇನ್ನಷ್ಟು ಅಪೂರ್ವವಾಗಿಸಬಲ್ಲದು.

ನೀರಿನ ಮಾತೂ ಉಂಟು. ದೇವದುರ್ಗಕ್ಕಿಂತ ಮೇಲೆ ನಾರಾಯಣಪುರದಲ್ಲಿ ಬಸವಸಾಗರ ಅಣೆಕಟ್ಟು ಇದೆ. ಕಟ್ಟಿದ ಹೊಳೆಯು ಮಳೆಗಾಲವನ್ನೊಂದೇ ಕಾದು ಏರುವುದಿಲ್ಲ. ನೀರು ಬಿಟ್ಟಾಗ ಬೇಸಿಗೆಯಲ್ಲಿಯೂ ಏರುತ್ತದೆ. ತಗ್ಗಿನ ದಿಬ್ಬದ ತತ್ತಿಗಳು ಆಗ ತೇಲಿಹೋಗುತ್ತವೆ. ಮನುಷ್ಯರ ಬಾಯಾರಿಕೆಗೆ ಬಿಡುವ ನೀರನ್ನು ಬೇಡವೆನ್ನುವವರು ಯಾರು? ಆದರೆ ಎತ್ತರದ ಮಳಲುದಿಬ್ಬಗಳನ್ನು ಅಗೆದು ಸಾಗಿಸದೆ ಬಿಟ್ಟರೆ ನೀರು ಏರಿದಾಗಲೂ ಹಕ್ಕಿಗೆ ಒಂದು ನೆಲೆ ಉಳಿಯುತ್ತದೆ. ಇದು ನಮ್ಮ ಕೈಯಲ್ಲಿರುವ ಉಪಾಯ.

ಆದುದರಿಂದ, ಫೆಬ್ರವರಿಯಿಂದ ಮೇ ತಿಂಗಳವರೆಗೆ ಹೊಳೆಯ ಕಡೆ ಹೋಗುವವರಲ್ಲಿ ನಮ್ಮ ವಿನಂತಿಯಿಷ್ಟೆ: ದಡದಲ್ಲಿಯೇ ನಿಂತು ನೋಡಿರಿ. ನಾಯಿಯನ್ನು ಕರೆದೊಯ್ಯಬೇಡಿರಿ. ಹಕ್ಕಿಗಳು ಕೂಗುತ್ತ ತಲೆಯ ಮೇಲೆ ಎರಗಿದರೆ ತತ್ತಿ ಹತ್ತಿರದಲ್ಲಿದೆಯೆಂದು ತಿಳಿದು, ಬಂದ ಹೆಜ್ಜೆಯಲ್ಲಿಯೇ ಹಿಂದಿರುಗಿರಿ. ಕಪ್ಪು ಹೊಟ್ಟೆಯ ಹಕ್ಕಿಯನ್ನು ಕಂಡರೆ ದಿನ, ಸ್ಥಳ, ಸಂಖ್ಯೆಗಳನ್ನು ಬರೆದಿಟ್ಟುಕೊಂಡು ಪಕ್ಷಿತಜ್ಞರಿಗೂ ಅರಣ್ಯ ಇಲಾಖೆಗೂ ತಿಳಿಸಿರಿ. ಗೂಡಿನ ಜಾಗವನ್ನು ಊರಿಗೆಲ್ಲ ಸಾರಬೇಡಿರಿ.