ಮೂವರು ಹಾಡಿದ ಒಂಟಿತನ: ಟೀನೇಜ್ ಫ್ಯಾನ್‌ಕ್ಲಬ್‌ನ ‘ಗ್ರ್ಯಾಂಡ್ ಪ್ರಿ’



ಈ ದತ್ತಿ ಉಪನ್ಯಾಸದಲ್ಲಿ ಇದುವರೆಗೆ ಕೀರ್ತನೆ, ತತ್ವಪದ, ರಂಗಗೀತೆಗಳ ಬಗ್ಗೆ ಬಲ್ಲವರು ಮಾತಾಡಿದ್ದಾರೆ. ಈ ಸಲ ಸ್ಕಾಟ್ಲೆಂಡಿನ ಒಂದು ಪಾಪ್ ಆಲ್ಬಮ್ ಕುರಿತು ಹೇಳುತ್ತೇನೆಂದಾಗ ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆದರೆ ಬೇಡವೆನ್ನಲಿಲ್ಲ. ಅವರ ಧೈರ್ಯ ದೊಡ್ಡದು. ಬ್ಯಾಂಡಿನ ಹೆಸರು ಟೀನೇಜ್ ಫ್ಯಾನ್‌ಕ್ಲಬ್, ಆಲ್ಬಮ್ಮಿನ ಹೆಸರು ‘ಗ್ರ್ಯಾಂಡ್ ಪ್ರಿ’. 1995ರ ಮೇ ಕೊನೆಯಲ್ಲಿ ಕ್ರಿಯೇಷನ್ ರೆಕಾರ್ಡ್ಸ್ ಇದನ್ನು ಹೊರತಂದಿತು. 13 ಹಾಡು, ಸುಮಾರು 40 ನಿಮಿಷ. ಹೊದಿಕೆಯ ಮೇಲೆ ರೇಸ್ ಕಾರು ಇದೆ. ಒಳಗೆ ರೇಸೂ ಇಲ್ಲ, ಅವಸರವೂ ಇಲ್ಲ.

ಗ್ಲಾಸ್ಗೊ ನಗರದ ಆಗ್ನೇಯಕ್ಕೆ, ಲ್ಯಾನರ್ಕ್‌ಶೈರ್ ಪ್ರಾಂತದಲ್ಲಿ ಬೆಲ್ಸ್‌ಹಿಲ್ ಎಂಬ ಊರಿದೆ. ಕಲ್ಲಿದ್ದಲು ಮತ್ತು ಉಕ್ಕನ್ನು ನಂಬಿ ಬೆಳೆದ ಸೀಮೆ. ಪಕ್ಕದ ಮದರ್‌ವೆಲ್‌ನ ರೇವನ್ಸ್‌ಕ್ರೇಗ್ ಉಕ್ಕಿನ ಕಾರ್ಖಾನೆ 1992ರಲ್ಲಿ ಮುಚ್ಚಿತು. ಕಾರ್ಖಾನೆ ನಿಂತ ಊರು ಹೇಗಿರುತ್ತದೆಂದು ಭದ್ರಾವತಿ ಕಂಡವರಿಗೆ ವಿವರಿಸಬೇಕಿಲ್ಲ. ಫುಟ್‌ಬಾಲ್ ಮ್ಯಾನೇಜರ್ ಮ್ಯಾಟ್ ಬಸ್ಬಿ ಹುಟ್ಟಿದ ಈ ಊರಿನಿಂದಲೇ ಎಂಬತ್ತರ ದಶಕದಲ್ಲಿ ಸೂಪ್ ಡ್ರ್ಯಾಗನ್ಸ್, ಬಿಎಂಎಕ್ಸ್ ಬ್ಯಾಂಡಿಟ್ಸ್ ಎಂಬ ಗುಂಪುಗಳು ಹೊರಟವು. ಇವತ್ತು ಆ ಬ್ಯಾಂಡಿನಲ್ಲಿ ಹಾಡಿದವನು ನಾಳೆ ಈ ಬ್ಯಾಂಡಿನಲ್ಲಿ ಗಿಟಾರ್ ಹಿಡಿಯುವ ಸಲಿಗೆ ಅವರಲ್ಲಿತ್ತು. ನಾರ್ಮನ್ ಬ್ಲೇಕ್ ಈ ಬಳಗದವರು. ರೇಮಂಡ್ ಮ್ಯಾಕ್‌ಗಿನ್ಲಿ, ಜೆರಾರ್ಡ್ ಲವ್ ಜೊತೆಯಾಗಿ ಟೀನೇಜ್ ಫ್ಯಾನ್‌ಕ್ಲಬ್ ಆಯಿತು. ಮೂವರೂ ಹಾಡು ಬರೆಯುವವರು, ಮೂವರೂ ಹಾಡುವವರು. ಇದನ್ನು ನೆನಪಿಡಿ, ನನ್ನ ಇವತ್ತಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

1991ರಲ್ಲಿ ಅವರ ‘ಬ್ಯಾಂಡ್‌ವ್ಯಾಗನೆಸ್ಕ್’ ಬಂತು. ಅಮೆರಿಕದ ‘ಸ್ಪಿನ್’ ಪತ್ರಿಕೆ ಅದನ್ನೇ ವರ್ಷದ ಅತ್ಯುತ್ತಮ ಆಲ್ಬಮ್ ಎಂದಿತು. ಅದೇ ವರ್ಷ ನಿರ್ವಾಣ ಬ್ಯಾಂಡಿನ ‘ನೆವರ್‌ಮೈಂಡ್’ ಬಂದಿತ್ತೆಂಬುದನ್ನು ನೆನೆದರೆ ಇದು ಎಂಥ ಮರ್ಯಾದೆಯೆಂದು ಗೊತ್ತಾಗುತ್ತದೆ, ಎಂಥ ಹೊರೆಯೆಂದೂ ಗೊತ್ತಾಗುತ್ತದೆ. 1993ರ ‘ಥರ್ಟೀನ್’ ಆ ಹೊರೆಯಡಿ ಬಳಲಿತು, ವಿಮರ್ಶಕರು ಕೈಬಿಟ್ಟರು. ಡ್ರಮ್ಸ್ ನುಡಿಸುತ್ತಿದ್ದ ಬ್ರೆಂಡನ್ ಓ’ಹೇರ್ ಬ್ಯಾಂಡ್ ಬಿಟ್ಟರು, ಸೂಪ್ ಡ್ರ್ಯಾಗನ್ಸ್‌ನಲ್ಲಿದ್ದ ಪಾಲ್ ಕ್ವಿನ್ ಆ ಜಾಗಕ್ಕೆ ಬಂದರು. ಹೊಗಳಿಕೆ ಮುಗಿದು ತೆಗಳಿಕೆಯೂ ಮುಗಿದ ಮೇಲೆ, ಯಾರೂ ಅಷ್ಟಾಗಿ ಕಾಯದಿದ್ದ ಹೊತ್ತಿನಲ್ಲಿ ‘ಗ್ರ್ಯಾಂಡ್ ಪ್ರಿ’ ತಯಾರಾಯಿತು.

ಧ್ವನಿಮುದ್ರಣ ನಡೆದದ್ದು ಆಕ್ಸ್‌ಫರ್ಡ್‌ಶೈರ್‌ನ ಶಿಪ್ಟನ್-ಆನ್-ಚರ್ವೆಲ್ ಹಳ್ಳಿಯ ಮ್ಯಾನರ್ ಸ್ಟುಡಿಯೊದಲ್ಲಿ. ಉದ್ಯಮಿ ರಿಚರ್ಡ್ ಬ್ರಾನ್ಸನ್ ಕೊಂಡು ಸ್ಟುಡಿಯೊ ಮಾಡಿಸಿದ್ದ ಹಳೆಯ ದೊಡ್ಡ ಮನೆ ಅದು. ಮೈಕ್ ಓಲ್ಡ್‌ಫೀಲ್ಡ್ ‘ಟ್ಯೂಬ್ಯುಲರ್ ಬೆಲ್ಸ್’ ಆಲ್ಬಮ್ ಮಾಡಿದ್ದೂ ಅಲ್ಲೇ. ಕಲಾವಿದರು ಅಲ್ಲೇ ಉಂಡು, ಮಲಗಿ, ಎದ್ದು ಹಾಡಬಹುದಿತ್ತು. ಬ್ಯಾಂಡಿನವರ ಜೊತೆ ನಿರ್ಮಾಪಕರಾಗಿ ಕೂತವರು ಅಮೆರಿಕದ ಡೇವಿಡ್ ಬಿಯಾಂಕೊ, ಗಾಯಕ ಟಾಮ್ ಪೆಟ್ಟಿಯ ‘ವೈಲ್ಡ್‌ಫ್ಲವರ್ಸ್’ ಧ್ವನಿಮುದ್ರಣದಲ್ಲಿ ಕೆಲಸ ಮಾಡಿದವರು. ಹಿಂದಿನ ಆಲ್ಬಮ್‌ಗಳಲ್ಲಿ ಗಿಟಾರಿನ ಗದ್ದಲ ದನಿಗಳನ್ನು ಮುಚ್ಚಿಬಿಡುತ್ತಿತ್ತು. ಇಲ್ಲಿ ಆ ಗದ್ದಲ ಇದೆ, ಆದರೆ ಅದರ ಮೇಲೆ ದನಿ ತೊಳೆದಿಟ್ಟಂತೆ ಕೇಳುತ್ತದೆ. ಆಲ್ಬಮ್ ಹೊರಬಂದ ವರ್ಷವೇ ಆ ಸ್ಟುಡಿಯೊ ಮುಚ್ಚಿಹೋಯಿತು.

1995ರ ಬ್ರಿಟನ್ನಿನಲ್ಲಿ ಪಾಪ್ ಸಂಗೀತ ದೇಶದ ಸುದ್ದಿಯಾಗಿತ್ತು. ಆಗಸ್ಟ್ 14ರಂದು ಬ್ಲರ್ ಮತ್ತು ಓಯಸಿಸ್ ಬ್ಯಾಂಡುಗಳು ಒಂದೇ ದಿನ ಸಿಂಗಲ್, ಅಂದರೆ ಬಿಡಿ ಹಾಡಿನ ರೆಕಾರ್ಡು, ಬಿಟ್ಟವು. ಯಾರದು ಹೆಚ್ಚು ಮಾರುತ್ತದೆಂದು ಟೀವಿ ವಾರ್ತೆಯವರೂ ಲೆಕ್ಕ ಹಾಕಿದರು. ಲಂಡನ್ನಿನ ಓದಿದ ಹುಡುಗರೋ ಮ್ಯಾಂಚೆಸ್ಟರ್‌ನ ದುಡಿಯುವ ಮನೆಯ ಹುಡುಗರೋ ಎಂದು ಜನ ಪಕ್ಷ ಕಟ್ಟಿದರು. ಆ ವಾರ ಬ್ಲರ್ ಗೆದ್ದಿತು, ಮುಂದಿನ ವರ್ಷಗಳನ್ನು ಓಯಸಿಸ್ ಗೆದ್ದಿತು. ‘ಬ್ರಿಟ್‌ಪಾಪ್’ ಎಂದು ಪತ್ರಿಕೆಗಳು ಕರೆದ ಈ ಸಂಭ್ರಮಕ್ಕೆ ನಮ್ಮ ಬ್ಯಾಂಡು ಸರಿಯಾಗಿ ಹೊಂದಲಿಲ್ಲ. ಆ ಸಂಭ್ರಮ ಬಹುಪಾಲು ಇಂಗ್ಲೆಂಡಿನದು, ಇವರು ಸ್ಕಾಟ್ಲೆಂಡಿನವರು. ಅದು ತನ್ನ ದೇಶದ ಹಳೆಯ ಹಾಡುಗಳ ಕಡೆ ತಿರುಗಿತ್ತು. ಇವರ ಕಿವಿ ಇದ್ದದ್ದು ಅಮೆರಿಕದಲ್ಲಿ, ಲಾಸ್ ಏಂಜಲೀಸ್‌ನ ಬರ್ಡ್ಸ್ ಮತ್ತು ಮೆಂಫಿಸ್‌ನ ಬಿಗ್ ಸ್ಟಾರ್ ಬ್ಯಾಂಡುಗಳ ಮೇಲೆ. ತಮಾಷೆಯೆಂದರೆ ಓಯಸಿಸ್ ಕೂಡ ಕ್ರಿಯೇಷನ್ ಸಂಸ್ಥೆಯದೇ ಕೂಸು. ತಮ್ಮ ನಂತರ ಜಗತ್ತಿನಲ್ಲಿ ಯಾರಾದರೂ ಒಳ್ಳೆಯ ಬ್ಯಾಂಡ್ ಇದ್ದರೆ ಇವರೇ ಎಂದು ಓಯಸಿಸ್ ಗಾಯಕ ಲಿಯಾಮ್ ಗ್ಯಾಲಹರ್ ಹೇಳಿದ್ದು ಪ್ರಸಿದ್ಧ. ‘ಗ್ರ್ಯಾಂಡ್ ಪ್ರಿ’ ಬ್ರಿಟಿಷ್ ಮಾರಾಟದ ಪಟ್ಟಿಯಲ್ಲಿ 7ನೇ ಸ್ಥಾನ ಮುಟ್ಟಿತು. ಅದರ ಮೂರು ಸಿಂಗಲ್‌ಗಳಲ್ಲಿ ಒಂದೂ ಮೊದಲ 30ರೊಳಗೆ ಬರಲಿಲ್ಲ.

ಇನ್ನು ಹಾಡುಗಳಿಗೆ ಬರೋಣ. ಅದಕ್ಕೆ ಮುಂಚೆ ನಮ್ಮ ಕಿವಿಯನ್ನು ಸ್ವಲ್ಪ ಹದಗೊಳಿಸಿಕೊಳ್ಳಬೇಕು. ಕಛೇರಿಯಲ್ಲಿ ಪಿಟೀಲು ಗಾಯಕರ ಬೆನ್ನು ಹತ್ತಿ ಹೋಗುತ್ತದೆ, ಅವರು ಹಾಡಿದ್ದನ್ನೇ ನುಡಿಸುತ್ತದೆ. ತಂಬೂರಿ ಕೂತಲ್ಲಿಂದ ಕದಲುವುದಿಲ್ಲ. ಹಾಗಾಗಿ ಒಂದೇ ಎಳೆಯನ್ನು ಹಿಡಿದು, ಅದರ ಗಮಕ, ಅದರ ತಿರುವುಗಳನ್ನು ಅನುಸರಿಸುವುದರಲ್ಲಿ ನಾವು ಪಳಗಿದವರು. ಈ ಆಲ್ಬಮ್ಮಿನಲ್ಲಿ ಗಮಕ ಹುಡುಕಿದರೆ ನಿರಾಸೆಯೇ. ಇಲ್ಲಿನ ಕಸುಬು ಬೇರೆ ಕಡೆ ಇದೆ. ಮುಖ್ಯ ದನಿ ಗಾಂಧಾರದಲ್ಲಿರುವಾಗ ಇನ್ನೊಂದು ದನಿ ಅದೇ ಮಾತನ್ನು ಪಂಚಮದಲ್ಲಿ ಹಾಡಬಹುದು. ಒಂದು ಇಳಿಯುವಾಗ ಇನ್ನೊಂದು ನಿಂತಲ್ಲೇ ನಿಲ್ಲಬಹುದು. ಕೆಳಗೆ ಗಿಟಾರಿನ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು, ಬದಲಾದರೆ ಸಾಕು, ಕದಲದೆ ನಿಂತ ಸ್ವರಕ್ಕೂ ಬೇರೆ ಬಣ್ಣ ಬರುತ್ತದೆ. ಷಡ್ಜವೇ ಕಾಲಡಿಯಿಂದ ಸರಿದ ಹಾಗೆ. ಇದಕ್ಕೆ ಹಾರ್ಮನಿ ಎನ್ನುತ್ತಾರೆ. ಮೊದಲ ಸಲ ಕೇಳುವಾಗ ಮೇಲಿನ ದನಿಯನ್ನು ಹಿಡಿಯಿರಿ. ಎರಡನೆಯ ಸಲ ಅದನ್ನು ಬಿಟ್ಟು ಕೆಳಗಿನ ದನಿಯ ಜೊತೆ ಹೋಗಿ. ಅದೇ ಹಾಡಿನೊಳಗೆ ಇನ್ನೊಂದು ಹಾಡು ಸಿಗುತ್ತದೆ.

ಮೊದಲನೆಯದು ‘ಅಬೌಟ್ ಯು’, ಮ್ಯಾಕ್‌ಗಿನ್ಲಿಯವರದು. ಪೀಠಿಕೆಯಿಲ್ಲದೆ ಗಿಟಾರುಗಳು ನುಗ್ಗುತ್ತವೆ. ಸಾಹಿತ್ಯ ಬರೀ ಕೆಲವೇ ಮಾತು, ಅವೇ ಮತ್ತೆ ಮತ್ತೆ. 3 ನಿಮಿಷ ತುಂಬುವ ಮೊದಲೇ ಮುಗಿದುಹೋಗುತ್ತದೆ. ಕಾಗದದ ಮೇಲೆ ಬರೆದಿಟ್ಟರೆ ಶಾಲೆಯ ಹುಡುಗನ ಪ್ರೇಮಪತ್ರಕ್ಕಿಂತ ಹೆಚ್ಚೇನಲ್ಲ. ಆದರೆ ಹಾಡಾಗಿ ಅದಕ್ಕೆ ಏನೂ ಕೊರತೆಯಿಲ್ಲ. ಯಾಕೆಂದರೆ ಪ್ರತಿ ಸಲ ಆ ಮಾತು ಬಂದಾಗ ಅದನ್ನು ಹೊತ್ತು ತರುವವರು ಒಬ್ಬರಲ್ಲ, ಇಬ್ಬರು ಮೂವರು.

ಎರಡನೆಯದು ಲವ್ ಅವರ ‘ಸ್ಪಾರ್ಕೀಸ್ ಡ್ರೀಮ್’. ನನ್ನ ಮಟ್ಟಿಗೆ ಆ ದಶಕದ ಅತಿ ಸುಂದರ ಗಿಟಾರ್ ಪಾಪ್ ಹಾಡು ಇದೇ. ವಾದಕ್ಕೆ ಬರುವವರು ಚಹಾದ ಹೊತ್ತಿನಲ್ಲಿ ಸಿಗಲಿ. ಕೈಗೆ ಸಿಕ್ಕದ ಹುಡುಗಿ, ಮುಗಿದುಹೋಗುವ ಬೇಸಿಗೆ, ಇವೇ ವಸ್ತು. ಬ್ರಿಟನ್ನಿನಲ್ಲಿ ಬೇಸಿಗೆಯೆಂದರೆ ನಮ್ಮ ಏಪ್ರಿಲ್-ಮೇ ಧಗೆಯಲ್ಲ, ಜನ ವರ್ಷವಿಡೀ ಕಾಯುವ ಕೆಲವೇ ವಾರಗಳು. ಅದನ್ನು ಮನಸ್ಸಿನಲ್ಲಿಟ್ಟು ಕೇಳಿದರೆ ಹಾಡಿನ ಉಲ್ಲಾಸದಲ್ಲೇ ಕಳೆದುಕೊಳ್ಳುವ ಅಂಜಿಕೆ ಇರುವುದು ತಿಳಿಯುತ್ತದೆ. ಲವ್ ಅವರ ದನಿ ತೆಳು, ದೊಡ್ಡ ಗಾಯಕರಲ್ಲ. ಪಲ್ಲವಿಗೆ ಬರುವ ಹೊತ್ತಿಗೆ ಉಳಿದ ದನಿಗಳು ಸುತ್ತ ಏರುತ್ತವೆ, ಆ ತೆಳುದನಿ ಅವುಗಳ ನಡುವೆ ತೇಲಿಹೋಗುತ್ತದೆ.

ಬ್ಲೇಕ್ ಅವರ ‘ಮೆಲೊ ಡೌಟ್’ ಮೂರನೆಯದು. ಅಬ್ಬರದ ಎರಡು ಹಾಡಾದ ಮೇಲೆ ಬರಿಯ ಅಕೂಸ್ಟಿಕ್ ಗಿಟಾರ್. ಪ್ರೀತಿಸಿದವಳ ಬಗ್ಗೆ, ತನ್ನ ಬಗ್ಗೆ, ಒಟ್ಟಾರೆ ಎಲ್ಲದರ ಬಗ್ಗೆ ಅನುಮಾನಕ್ಕೆ ಬಿದ್ದವನ ಮಾತು. ರಾಕ್ ಹಾಡುಗಳಲ್ಲಿ ಗಾಯಕನ ಸಂಕಟ ಹೆಚ್ಚಾದಾಗ ಒಂದು ಗಿಟಾರ್ ಬಂದು ಅವನ ಪರವಾಗಿ ಗೋಳಾಡುವುದು ವಾಡಿಕೆ. ಇಲ್ಲಿ ಆ ಜಾಗದಲ್ಲಿ ಒಂದು ಶಿಳ್ಳೆ ಇದೆ. ಕೈಯನ್ನು ಜೇಬಿಗಿಟ್ಟುಕೊಂಡು ನಡೆಯುವವನು ಹಾಕುವಂಥ ಸಾದಾ ಶಿಳ್ಳೆ. ಆ ಶಿಳ್ಳೆಗಾಗಿಯೇ ನಾನು ಈ ಉಪನ್ಯಾಸ ಒಪ್ಪಿಕೊಂಡೆ ಎಂದರೂ ತಪ್ಪಿಲ್ಲ. ದುಃಖವನ್ನು ದೊಡ್ಡದು ಮಾಡಿ ತೋರಿಸಲು ನಾಚುವ ಮನುಷ್ಯ ಏನು ಮಾಡುತ್ತಾನೋ ಅದನ್ನೇ ಹಾಡು ಮಾಡುತ್ತದೆ.

ಈಗ ನನ್ನ ಮುಖ್ಯ ಮಾತು. ಈ ಹಾಡುಗಳ ಸಾಹಿತ್ಯದ ತುಂಬ ಒಂಟಿ ಮನುಷ್ಯ. ನನಗೆ ಹೀಗಾಗಿದೆ, ನನಗೆ ಗೊತ್ತಾಗುತ್ತಿಲ್ಲ, ನನ್ನನ್ನು ಬಿಡಬೇಡ ಎನ್ನುವ ಉತ್ತಮ ಪುರುಷ ಏಕವಚನದವನು. ಆದರೆ ಹಾಡುವಾಗ ಅವನು ಒಂಟಿಯಲ್ಲ. 13ರಲ್ಲಿ 5 ಬ್ಲೇಕ್ ಅವರವು, 4 ಲವ್ ಅವರವು, 4 ಮ್ಯಾಕ್‌ಗಿನ್ಲಿಯವರವು. ಬರೆದವರು ಮುಂದೆ ನಿಂತು ಹಾಡುತ್ತಾರೆ, ಉಳಿದವರು ಹಿಂದೆ ನಿಂತು ಆಸರೆಯಾಗುತ್ತಾರೆ. ಮುಂದಿನ ಹಾಡಿಗೆ ಜಾಗ ಅದಲುಬದಲು. ಹೀಗೆ ಒಬ್ಬನ ಖಾಸಗಿ ಅಳಲನ್ನು ಗೆಳೆಯರಿಬ್ಬರು ತಮ್ಮದೆಂಬಂತೆ ಹಾಡುವುದನ್ನು ನಾವು 40 ನಿಮಿಷ ಕೇಳುತ್ತೇವೆ. ಸಾಹಿತ್ಯ ಹೇಳದ್ದನ್ನು ಹಾರ್ಮನಿ ಹೇಳುತ್ತಿರುತ್ತದೆ. ಒಬ್ಬನೇ ಹಾಡಿದ್ದರೆ ಇವೇ ಹಾಡುಗಳು ಗೋಳುಕರೆಯಾಗುತ್ತಿದ್ದವು.

‘ನೀಲ್ ಯುಂಗ್’ ಈ ಮಾತಿಗೆ ಒಳ್ಳೆಯ ನಿದರ್ಶನ. ಹೆಸರೇ ತಮಾಷೆ: ಗಾಯಕ ನೀಲ್ ಯಂಗ್ ಮತ್ತು ಮನಶ್ಶಾಸ್ತ್ರಜ್ಞ ಕಾರ್ಲ್ ಯುಂಗ್ ಇಬ್ಬರನ್ನೂ ಹೊಸೆದದ್ದು. ಪ್ರೇಮದಲ್ಲಿ ಎಡವಿದ ಗೆಳೆಯನೊಬ್ಬನಿಗೆ ಬ್ಲೇಕ್ ಹೇಳುವ ಮಾತು ಅದು. ಸಮಾಧಾನ ಹೇಳುತ್ತಲೇ ಸಣ್ಣಗೆ ಗದರುವ ಧಾಟಿ. ಮಾತು ಮುಗಿದ ಮೇಲೆ ಗಿಟಾರ್ ಶುರುವಾಗುತ್ತದೆ, ನಿಲ್ಲುವ ಅವಸರವೇ ಇಲ್ಲದೆ. ಬೆರಳ ವೇಗ ತೋರಿಸುವ ನುಡಿಸಾಣಿಕೆಯಲ್ಲ. ಒಂದು ಸ್ವರವನ್ನು ಹಿಡಿದು, ಸ್ವಲ್ಪ ಬಾಗಿಸಿ, ಸಾಕಾಗುವ ತನಕ ಬಿಡದೆ ಮುಂದಕ್ಕೆ ಹೋಗುವಂಥದು. ಇಡೀ ಆಲ್ಬಮ್ಮಿನಲ್ಲಿ ಗಿಟಾರಿಗೆ ಹೀಗೆ ಮೈಮರೆಯಲು ಸಿಕ್ಕ ದೊಡ್ಡ ಅವಕಾಶ ಇದೇ.

ಮ್ಯಾಕ್‌ಗಿನ್ಲಿಯವರ ‘ವೆರಿಸಿಮಿಲಿಟ್ಯೂಡ್’ ಹಾಡಿನಲ್ಲಿ ಬ್ಯಾಂಡು ತನ್ನ ನಿಲುವನ್ನೇ ಹಾಡಿಬಿಟ್ಟಿದೆ. ಠೀವಿ ಬೇಕಿಲ್ಲ, ಬಂಡಾಯದ ಮಾತು ಸವಕಲಾಗಿದೆ, ಬರೆದ ಸಾಲು ಚೆನ್ನಾಗಿದ್ದರೆ ಸಾಕು ಎಂಬುದು ಅದರ ತಾತ್ಪರ್ಯ. ಇದನ್ನು ಉದ್ದುದ್ದ ಪದಗಳ ಪ್ರಾಸ ಕಟ್ಟಿ, ಮುಖದಲ್ಲಿ ನಗು ಕಾಣಿಸದಂತೆ ಹಾಡುತ್ತಾರೆ. 1995ರಲ್ಲಿ ಠೀವಿಯೇ ಬಂಡವಾಳವಾಗಿತ್ತು ಎಂದು ಬಲ್ಲವರಿಗೆ ಈ ಚುಚ್ಚು ಎಲ್ಲಿಗೆ ತಾಗಿತೆಂದು ಗೊತ್ತಾಗುತ್ತದೆ.

ಎಲ್ಲವೂ ಒಂದೇ ಮಟ್ಟದ್ದಲ್ಲ. ಲವ್ ಅವರ ‘ಡೋಂಟ್ ಲುಕ್ ಬ್ಯಾಕ್’ ಮೊದಲ ಮೂರಕ್ಕೆ ಹೆಗಲು ಕೊಟ್ಟು ನಿಲ್ಲುತ್ತದೆ, ‘ಟಿಯರ್ಸ್’ ಕೂಡ ಗಟ್ಟಿ. ‘ಸೇ ನೋ’ ಬಂದುಹೋದದ್ದೇ ಗೊತ್ತಾಗುವುದಿಲ್ಲ. ‘ಐ ಗಾಟಾ ನೋ’ ಬಗ್ಗೆಯೂ ನನಗೆ ಅಂಥ ಉತ್ಸಾಹವಿಲ್ಲ. ಕೊನೆಯ ‘ಹಾರ್ಡ್‌ಕೋರ್/ಬ್ಯಾಲಡ್’ ಒಂದು ಕೀಟಲೆ. ಒಂದಿಷ್ಟು ಗದ್ದಲ ಎಬ್ಬಿಸಿ, ಅದನ್ನು ಅಲ್ಲೇ ಬಿಟ್ಟು, ಮೆಲ್ಲನೆಯ ಪುಟ್ಟ ಹಾಡೊಂದನ್ನು ಹಾಡಿ ಎದ್ದುಹೋಗುತ್ತಾರೆ.

ಇವರು ಬರ್ಡ್ಸ್, ಬಿಗ್ ಸ್ಟಾರ್‌ಗಳ ನಕಲು ಎಂಬ ಆರೋಪ ಹಳೆಯದು. ‘ಬ್ಯಾಂಡ್‌ವ್ಯಾಗನೆಸ್ಕ್’ ಕಾಲದಲ್ಲಿ ಅದರಲ್ಲಿ ಹುರುಳಿತ್ತು. ‘ಗ್ರ್ಯಾಂಡ್ ಪ್ರಿ’ ಹೊತ್ತಿಗೆ ಸಾಲ ತೀರಿದೆ ಎನ್ನುವುದು ನನ್ನ ಲೆಕ್ಕ. 1972ರ ಬಿಗ್ ಸ್ಟಾರ್‌ನ ಮೊದಲ ಆಲ್ಬಮ್ಮಿನ ಇಬ್ಬರು ಕವಿಗಾಯಕರು, ಅಲೆಕ್ಸ್ ಚಿಲ್ಟನ್ ಮತ್ತು ಕ್ರಿಸ್ ಬೆಲ್, ಅದು ಮುಗಿಯುತ್ತಲೇ ಬೇರೆಯಾದರು. ಈ ಮೂವರು ಬೇರೆಯಾಗಲು ಇನ್ನೂ ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ಕಾದಂಬರಿಕಾರ ನಿಕ್ ಹಾರ್ನ್‌ಬಿ ತಮ್ಮ ‘31 ಸಾಂಗ್ಸ್’ ಪುಸ್ತಕದಲ್ಲಿ ಇವರ ಎರಡು ಹಾಡುಗಳನ್ನು ಎತ್ತಿಕೊಂಡರು. ಎರಡೂ 1997ರ ‘ಸಾಂಗ್ಸ್ ಫ್ರಮ್ ನಾರ್ದರ್ನ್ ಬ್ರಿಟನ್’ ಆಲ್ಬಮ್ಮಿನವು. ಬ್ರಿಟಿಷ್ ಮಾರಾಟದ ಪಟ್ಟಿಯಲ್ಲಿ 3ನೇ ಸ್ಥಾನಕ್ಕೇರಿದ್ದೂ ಅದೇ ಆಲ್ಬಮ್. ಹಾರ್ನ್‌ಬಿ ದೊಡ್ಡವರು, ಆದರೂ ನನ್ನ ಆಯ್ಕೆ ಎರಡು ವರ್ಷ ಹಿಂದಿನದೇ.

2018ರಲ್ಲಿ ಈ ಆಲ್ಬಮ್ ಸೇರಿದಂತೆ ಕ್ರಿಯೇಷನ್ ಕಾಲದ ರೆಕಾರ್ಡುಗಳು ಹೊಸದಾಗಿ ವಿನೈಲ್‌ನಲ್ಲಿ ಬಂದವು. ಅದೇ ವರ್ಷ ಜೆರಾರ್ಡ್ ಲವ್ ಬ್ಯಾಂಡ್ ಬಿಟ್ಟರು. ದೂರದ ಪ್ರವಾಸಗಳ ಬಗ್ಗೆ ಒಮ್ಮತ ಮೂಡಲಿಲ್ಲ, ಅಷ್ಟೇ. ಜಗಳ, ಕೋರ್ಟು, ಪತ್ರಿಕಾಗೋಷ್ಠಿ ಯಾವುದೂ ಆಗಲಿಲ್ಲ. ಬ್ಲೇಕ್ ಮತ್ತು ಮ್ಯಾಕ್‌ಗಿನ್ಲಿ ಇವತ್ತಿಗೂ ಹಾಡುತ್ತಿದ್ದಾರೆ, 2021ರಲ್ಲಿ, 2023ರಲ್ಲಿ ಹೊಸ ಆಲ್ಬಮ್‌ಗಳನ್ನೂ ತಂದರು. ಆದರೆ ಲವ್ ಹೋದ ಮೇಲೆ ಅವರ ಹಾಡುಗಳನ್ನು ವೇದಿಕೆಯ ಮೇಲೆ ಹಾಡುವುದನ್ನು ಬಿಟ್ಟಿದ್ದಾರೆ. ‘ಸ್ಪಾರ್ಕೀಸ್ ಡ್ರೀಮ್’ ಕೇಳಲೆಂದೇ ಟಿಕೆಟ್ ಕೊಂಡವರಿಗೆ ಇದು ಅನ್ಯಾಯವೆನಿಸಬಹುದು. ಜನಪ್ರಿಯ ಹಾಡನ್ನು ಬೇರೆ ಯಾರಿಂದಲೋ ಹಾಡಿಸಿ ಚಪ್ಪಾಳೆ ಗಿಟ್ಟಿಸುವುದು ಈ ವ್ಯವಹಾರದಲ್ಲಿ ದಿನನಿತ್ಯದ್ದು, ಯಾರೂ ತಪ್ಪೆನ್ನುತ್ತಿರಲಿಲ್ಲ. ಇವರು ಹಾಗೆ ಮಾಡಲಿಲ್ಲ. ಆ ಹಾಡಿನಲ್ಲಿ ಅವರಿಬ್ಬರ ಜಾಗ ಹಿಂದಿನದು, ಮುಂದಿನದಲ್ಲ.